ಮಾವ ಕೊಟ್ಟ ದುರ್ಬೀನು

ಭಾನುವಾರ ಬೆಳಿಗ್ಗೆ ಆರೂವರೆಗೆ ಮಾವನವರು ಬಾಗಿಲಲ್ಲಿ ನಿಂತು, ಟವೆಲ್ಲಿನಲ್ಲಿ ಸುತ್ತಿದ ಏನನ್ನೋ ಹಸುಗೂಸಿನಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು, "ಅಳಿಯಂದ್ರೇ, ಕೈ ತೊಳ್ಕೊಂಡು ಬನ್ನಿ" ಎಂದಾಗಲೇ ಮೀಟರಪ್ಪನಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಹೇಳಿದ ಮಾತು ಕೇಳುವ ಅಳಿಯನಂತೆ ಕೈ ತೊಳೆದುಕೊಂಡು ಬಂದ.

ಟವೆಲ್ಲಿನೊಳಗೆ ಇದ್ದದ್ದು ಒಂದು ದುರ್ಬೀನು. ಮೊಳಕ್ಕೆ ಸ್ವಲ್ಪ ಕಡಿಮೆ ಉದ್ದ, ಮುಂದಿನ ಗಾಜು ಲೋಟದ ಬಾಯಿಯಷ್ಟು ಅಗಲ, ಮೈತುಂಬ ನುಸಿಗುಳಿಗೆಯ ವಾಸನೆ. ಮಾವನವರು ಅರಣ್ಯ ಇಲಾಖೆಯಲ್ಲಿ ರೇಂಜರ್ ಆಗಿದ್ದವರು. ಅವರ ದೊಡ್ಡ ರೈಫಲ್ಲು ನಿವೃತ್ತಿಯ ದಿನವೇ ಇಲಾಖೆಗೆ ವಾಪಸಾಗಿತ್ತು. ಅದರ ಬೆನ್ನ ಮೇಲೆ ಕೂರಿಸುತ್ತಿದ್ದ ಈ ದುರ್ಬೀನು ಮಾತ್ರ ಅವರ ಸ್ವಂತದ್ದು, ಹಾಗಾಗಿ ಟ್ರಂಕಿನಲ್ಲಿ ಉಳಿದುಕೊಂಡಿತ್ತು.

"ಇದರಲ್ಲಿ ಮುನ್ನೂರು ಮೀಟರ್ ದೂರದ ಕಾಡುಹಂದಿಯ ಹುಬ್ಬು ಎಣಿಸಿದೀನಿ," ಎಂದರು ಮಾವ.

"ಹಂದಿಗೆ ಹುಬ್ಬು ಇರುತ್ತಾ ಅಪ್ಪ?" ಒಳಗಿನಿಂದ ಮಾವನವರ ಮಗಳು, ಅಂದರೆ ಮೀಟರಪ್ಪನ ಹೆಂಡತಿ, ಕೇಳಿದಳು.

"ಇದರಲ್ಲಿ ನೋಡಿದ್ರೆ ಇರುತ್ತೆ," ಎಂದು ಮಾವನವರು ತಲೆ ಅಲ್ಲಾಡಿಸಿದರು.

ಮಾವನವರ ತಲೆಯ ವಿಷಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅದು ಒಂದು ಕಡೆ ನಿಲ್ಲುವ ತಲೆಯಲ್ಲ. ಹೌದು ಎನ್ನುವಾಗ ಮೇಲೆ ಕೆಳಗೆ ಆಡುತ್ತದೆ, ಅಲ್ಲ ಎನ್ನುವಾಗ ಆಚೆ ಈಚೆ ಆಡುತ್ತದೆ, ಸುಮ್ಮನಿರುವಾಗ ಎರಡೂ ಕಡೆ ಆಡುತ್ತದೆ. ಅವರಿಗೆ ಕ್ಷೌರ ಮಾಡುವವನು ಪ್ರತಿ ಸಲವೂ ಒಬ್ಬ ಸಹಾಯಕನನ್ನು ಕರೆದುಕೊಳ್ಳುತ್ತಿದ್ದ.

"ಇವತ್ತು ಪಂದ್ಯ ಅಲ್ವಾ? ನಿಮ್ಮ ಬಂದೂಕಿಗೆ ಇದನ್ನ ಹಾಕ್ಕೊಳ್ಳಿ. ನಾಲ್ಕು ವರ್ಷದಿಂದ ನನ್ನ ಮಾನ ಹೋಗ್ತಾ ಇದೆ."

"ನನ್ನದೇ ಒಂದು ಸಣ್ಣದು ಇದೆಯಲ್ಲ ಮಾವ..."

"ಅದಾ? ಅದು ದುರ್ಬೀನಲ್ಲ, ಬಾಗಿಲಿಗೆ ಕೊರೆಸೋ ತೂತು. ತೆಗೀರಿ ಅದನ್ನ."

ಮೀಟರಪ್ಪ ತೆಗೆದ.

ಮೀಟರಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ನೀರು ಸರಬರಾಜು ಕಚೇರಿಯ ಪರವಾಗಿ ಮನೆಮನೆಗೆ ಹೋಗಿ ಬಗ್ಗಿ ಮೀಟರ್ ಓದುವುದು ಅವನ ಕೆಲಸ. ಹದಿನೆಂಟು ವರ್ಷ ಬಗ್ಗಿ ಬಗ್ಗಿ ಅವನ ಬೆನ್ನೂ ಹಾಗೇ ನಿಂತಿತ್ತು, ಹೆಸರೂ ಹಾಗೇ ನಿಂತಿತ್ತು. ವಾರಕ್ಕೊಂದು ದಿನ ಊರ ಹೊರಗಿನ ಗುರಿಕಾರರ ಸಂಘಕ್ಕೆ ಹೋಗಿ, ಸಣ್ಣ ರೈಫಲ್ಲಿನಲ್ಲಿ ಐವತ್ತು ಮೀಟರ್ ದೂರದ ಹಾಳೆಗೆ ಗುಂಡು ಹೊಡೆಯುವುದು ಅವನಿಗಿದ್ದ ಒಂದೇ ಒಂದು ಚಟ. ಚಟ ಇತ್ತೇ ಹೊರತು ಕೈ ಹಿಡಿದಿರಲಿಲ್ಲ.

ಸಂಘದ ವಾರ್ಷಿಕ ಪಂದ್ಯದಲ್ಲಿ ಮೊದಲು ಬಂದವರಿಗೆ ಒಂದು ಕಪ್ಪು. ಅದು ಯಾರಿಗೆ ಹೋಯಿತೆಂದು ಮುಂದಿನ ವಾರಕ್ಕೆ ಯಾರಿಗೂ ನೆನಪಿರುತ್ತಿರಲಿಲ್ಲ. ಕೊನೆಗೆ ಬಂದವರಿಗೆ ಅಂಟಿನ ಡಬ್ಬ. ಅದನ್ನು ಯಾರೂ ಮರೆಯುತ್ತಿರಲಿಲ್ಲ. ಡಬ್ಬ ಪಡೆದವರು ಮುಂದಿನ ಒಂದು ವರ್ಷ ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆಲ್ಲ ಮೈದಾನಕ್ಕೆ ಬಂದು, ಮಂಡಿಯೂರಿ ಕೂತು, ಗುರಿಹಾಳೆಗಳನ್ನು ರಟ್ಟಿಗೆ ಅಂಟಿಸಿ, ಐವತ್ತು ಮೀಟರ್ ಹೊತ್ತುಕೊಂಡು ಹೋಗಿ ನಿಲ್ಲಿಸಬೇಕು. ಸುತ್ತು ಮುಗಿದಾಗಲೆಲ್ಲ ಓಡಿಹೋಗಿ ತೂತು ಮುಚ್ಚಬೇಕು. ಎಲ್ಲರೂ ಮನೆಗೆ ಹೋದ ಮೇಲೆ ಬ್ರಷ್ಷು ತೊಳೆದಿಡಬೇಕು. ನಾಲ್ಕು ವರ್ಷ ಒಂದೇ ಸಮನೆ ಈ ಭಾಗ್ಯ ಮೀಟರಪ್ಪನದಾಗಿತ್ತು. ಗಂಟಿಲ್ಲದ ಅಂಟು ಕಲಸುವುದರಲ್ಲಿ ಅವನದು ಎತ್ತಿದ ಕೈ.

ಇದರಿಂದ ಕಷ್ಟಕ್ಕೆ ಸಿಕ್ಕಿದ್ದು ಒಂದು ಹಸಿರು ಬಣ್ಣದ ಲೇಡೀಸ್ ಸೈಕಲ್ಲು. ಹೆಂಡತಿ ಎಂಟು ತಿಂಗಳ ಹಿಂದೆ, ವರ್ಗವಾಗಿ ಹೋಗುತ್ತಿದ್ದ ಟೀಚರೊಬ್ಬರಿಂದ ಅದನ್ನು ಕೊಂಡಿದ್ದಳು. ಚಿಕ್ಕಂದಿನಲ್ಲಿ ಅಪ್ಪ "ಬಿದ್ದು ಮೂಗು ಒಡ್ಕೋತೀಯ" ಎಂದು ಮುಟ್ಟಲು ಬಿಟ್ಟಿರಲಿಲ್ಲ. ನಲವತ್ತೆರಡನೆಯ ವಯಸ್ಸಿನಲ್ಲಿ, ಮೂಗು ಒಡೆದರೂ ಸರಿ, ಕಲಿಯಬೇಕು ಎಂದು ಅವಳಿಗೆ ಆಸೆ ಹತ್ತಿತ್ತು. ಔಷಧಿ ಅಂಗಡಿಯಲ್ಲಿ ಅವಳಿಗೆ ವಾರವಿಡೀ ಕೆಲಸ. ಬಿಡುವು ಭಾನುವಾರ ಮಾತ್ರ. ಹಿಂದಿನಿಂದ ಸೀಟು ಹಿಡಿದುಕೊಳ್ಳಬೇಕಾದ ಗಂಡನೋ ಭಾನುವಾರ ಅಂಟಿನ ಡಬ್ಬದ ಮುಂದೆ. ಹಿತ್ತಲಲ್ಲಿ ಗೋಣಿಚೀಲ ಹೊದ್ದು ನಿಂತ ಸೈಕಲ್ಲಿನ ಬೆಲ್ಲಿನೊಳಗೆ ಜೇಡ ಸಂಸಾರ ಹೂಡಿತ್ತು.

ಹೊರಡುವ ಮುಂಚೆ ಅಂಗಿಯ ನಡುವಿನ ಗುಂಡಿ ಬಿದ್ದುಹೋಗಿರುವುದು ಕಂಡಿತು. ಬಿಳಿ ದಾರ ಮುಗಿದಿತ್ತು. ಹೆಂಡತಿ ಕೆಂಪು ದಾರದಲ್ಲೇ ಒಂದು ಬಿಳಿ ಗುಂಡಿ ಹೊಲಿದು, ಹಲ್ಲಿನಿಂದ ದಾರ ಕಡಿದು, ಗಂಡನ ಮುಖ ನೋಡಿದಳು.

"ರೀ, ನೀವು ಮೊದಲು ಬರೋದು ಬೇಡ. ಕೊನೆಗೆ ಬರಬೇಡಿ, ಅಷ್ಟೇ. ಈ ಸಲಾನೂ ಆ ಡಬ್ಬ ತಂದ್ರೆ ಅದರ ಜೊತೇನೇ ಸಂಸಾರ ಮಾಡ್ಕೊಳ್ಳಿ."

"ತರಲ್ಲ ಕಣೇ. ಮುಂದಿನ ಭಾನುವಾರ ನಿನ್ನ ಸೈಕಲ್ ಸೀಟು ಹಿಡಿಯೋದು ನಾನೇ."

ಅವಳು ನಕ್ಕಳು. ಆ ನಗು ನೋಡಿ ಮೀಟರಪ್ಪನಿಗೆ ಹಿತವೂ ಆಯಿತು, ಭಯವೂ ಆಯಿತು.

ಅಳಿಯ ಮಾವ ಇಬ್ಬರೂ ಸಂಘದ ಇನ್ನೊಬ್ಬ ಗುರಿಕಾರರಾದ ಕನ್ನಡಕದ ಅಂಗಡಿಯವರ ಕಾರಿನಲ್ಲಿ ಮೈದಾನ ತಲುಪಿದರು. ತಗಡಿನ ಸೂರು, ಅದರ ಕೆಳಗೆ ಸಾಲಾಗಿ ಮೇಜು, ಮೇಜಿನ ಮೇಲೆ ಬಂದೂಕು ಒರಗಿಸಲು ಮರಳು ಚೀಲ, ಎದುರಿಗೆ ಐವತ್ತು ಮೀಟರಿನಾಚೆ ಮಣ್ಣಿನ ದಿಬ್ಬ, ದಿಬ್ಬದ ಮುಂದೆ ಒಂದರಿಂದ ಹನ್ನೆರಡರವರೆಗೆ ಸಂಖ್ಯೆಯ ಹಲಗೆ ಮತ್ತು ಗುರಿಹಾಳೆ. ಆ ದಿನದ ಹಾಳೆಗಳನ್ನೂ ಹಿಂದಿನ ಸಂಜೆಯೇ ಬಂದು ಅಂಟಿಸಿದ್ದವನು ಮೀಟರಪ್ಪನೇ.

ಅವನ ಬಂದೂಕು ನೋಡಿದ ಕೂಡಲೇ ಜನ ಸೇರಿದರು. ಸಣ್ಣ ರೈಫಲ್ಲಿನ ಮೇಲೆ ಆ ದುರ್ಬೀನು ಬೆಕ್ಕಿನ ಬೆನ್ನಿಗೆ ಊದುಕೊಳವೆ ಕಟ್ಟಿದ ಹಾಗಿತ್ತು.

"ಇದೇನ್ರೀ ಮೀಟರಪ್ಪ, ಹಾಳೆಗೆ ಹೊಡೀತೀರೋ, ಚಂದ್ರನಿಗೋ?" ಎಂದರು ಡ್ರಿಲ್ ಮಾಸ್ತರು. ಶಾಲೆಯಲ್ಲಿ ಮಕ್ಕಳನ್ನು ಓಡಿಸುವ ಕೆಲಸದ ಜೊತೆಗೆ ಸಂಘದ ಕಾರ್ಯದರ್ಶಿತನವೂ ಅವರದೇ. ಎರಡು ಕಡೆಯೂ ಒಂದೇ ದನಿಯಲ್ಲಿ ಕೂಗುತ್ತಿದ್ದರು.

"ನಗಬೇಡಿ," ಎಂದರು ಮಾವ. ಸಂಘ ಕಟ್ಟಿದವರೇ ಅವರು. ಮಂಡಿ ನೋವಿನಿಂದಾಗಿ ಎಂಟು ವರ್ಷದಿಂದ ಬಂದೂಕು ಮುಟ್ಟಿರಲಿಲ್ಲ. "ನನ್ನ ಹೆಸರೂ ಬರ್ಕೊಳ್ಳಿ. ಎಲ್ಲರದ್ದೂ ಮುಗಿದ ಮೇಲೆ ಅಳಿಯಂದ್ರ ಬಂದೂಕಲ್ಲೇ ಹತ್ತೂ ಗುಂಡು ಹೊಡೀತೀನಿ. ಈ ದುರ್ಬೀನು ಏನು ಅಂತ ತೋರಿಸ್ತೀನಿ."

ಪಂದ್ಯ ಎರಡು ಸುತ್ತು. ಸುತ್ತಿಗೆ ಐದು ಗುಂಡು, ನಡುವೆ ಅರ್ಧ ಗಂಟೆ ವಿರಾಮ. ಹಾಳೆಯ ನಟ್ಟನಡುವೆ ಬಿದ್ದರೆ ಹತ್ತು, ಹೊರಹೊರಗೆ ಹೋದ ಹಾಗೆ ಒಂದೊಂದೇ ಕಡಿಮೆ. ಸಮಯ ನೋಡಿ ಗಂಟೆ ಬಾರಿಸುವುದು, ದೊಡ್ಡ ದೂರದರ್ಶಕದಲ್ಲಿ ನೋಡಿ ಅಂಕ ಕೂಗುವುದು ಗಡಿಯಾರದಮ್ಮನ ಕೆಲಸ. ಗಡಿಯಾರ ರಿಪೇರಿ ಅಂಗಡಿಯ ಈ ಮುದುಕಿ ಎದುರಿಗಿದ್ದವರ ಮುಖಕ್ಕಿಂತ ಹೆಚ್ಚಾಗಿ ಅವರ ಮಣಿಕಟ್ಟು ನೋಡಿ ಮಾತನಾಡುತ್ತಿದ್ದರು.

ಗಂಟೆ ಬಾರಿಸಿತು. ಮೀಟರಪ್ಪ ದುರ್ಬೀನಿಗೆ ಕಣ್ಣಿಟ್ಟ. ಅಬ್ಬಾ, ಗುರಿಹಾಳೆ ಕೈಗೆ ಸಿಗುವಷ್ಟು ಹತ್ತಿರ! ಸ್ವಲ್ಪ ಮಸುಕು, ಆದರೆ ತಟ್ಟೆಯಷ್ಟು ದೊಡ್ಡದು. ನಡುವೆ ಪ್ಲಸ್ ಗುರುತು. ಕಪ್ಪು ಬೊಟ್ಟಿನ ಮೇಲೆ ಗುರುತು ಕೂರಿಸಿ, ಉಸಿರು ಬಿಟ್ಟು, ಬೆರಳಿನಿಂದ ಬಂದೂಕಿನ ಕುದುರೆ ಎಳೆದ.

"ಎರಡು!" ಗಡಿಯಾರದಮ್ಮ ಕೂಗಿದರು.

ಎರಡೇ? ಮೀಟರಪ್ಪ ತಲೆ ಎತ್ತಿ ನೋಡಿದ, ಮತ್ತೆ ತಲೆ ಇಟ್ಟ. ಗುರುತು ಈಗ ಬೊಟ್ಟಿನ ಎಡಕ್ಕಿತ್ತು. ಬಂದೂಕನ್ನು ತಾನು ಅಲುಗಿಸಿಯೇ ಇಲ್ಲ! ಮತ್ತೆ ಸರಿಮಾಡಿ ಹೊಡೆದ. ಗಾಬರಿಯಲ್ಲಿ ಬಂದೂಕೂ ಜಾರಿತು. ದೂರದಲ್ಲಿ ಟಪ್ಪೆಂದು ಮರದ ಸದ್ದು ಬಂತು. ಅವನ ಸಾಲಿನ ಸಂಖ್ಯೆಯ ಹಲಗೆಗೆ ತೂತು ಬಿದ್ದಿತ್ತು.

ಮೂರನೆಯದು ಪಕ್ಕದ ಡ್ರಿಲ್ ಮಾಸ್ತರರ ಹಾಳೆಗೆ ಹೋಯಿತು. ಮಾಸ್ತರರು ಎದ್ದು ನಿಂತು, "ನನ್ನ ಹಾಳೆಗೆ ಯಾಕ್ರೀ ಬರ್ತೀರಿ?" ಎಂದು ಕಿರುಚಿದರು. ಅದು ಒಂಬತ್ತಕ್ಕೆ ಬಿದ್ದಿದೆ ಎಂದು ಗೊತ್ತಾದಾಗ, "ಅದು ನನ್ನದೇ ಇರಬಹುದು, ಸುಮ್ಮನಿರಿ" ಎಂದು ಕೂತರು.

"ನಾನು ಅಲ್ಲಾಡ್ತಾ ಇಲ್ಲ ಮಾಸ್ತರೇ, ಗುರುತೇ ಅಲ್ಲಾಡ್ತಾ ಇದೆ," ಎಂದ ಮೀಟರಪ್ಪ.

"ಎಲ್ಲರೂ ಹಾಗೇ ಹೇಳೋದು," ಎಂದರು ಮಾಸ್ತರು.

ಐದು ಗುಂಡು ಮುಗಿದಾಗ ಅವನ ಲೆಕ್ಕ ಐವತ್ತಕ್ಕೆ ಹನ್ನೊಂದು. ಸಣ್ಣ ತೂತಿನಂಥ ತನ್ನ ಹಳೆಯ ಸ್ಕೋಪಿನಲ್ಲಿ, ಅದೆಷ್ಟೇ ಕೆಟ್ಟ ದಿನವಾದರೂ, ಇಪ್ಪತ್ತಕ್ಕಿಂತ ಕೆಳಗೆ ಅವನು ಇಳಿದಿರಲಿಲ್ಲ. ಅಷ್ಟರಲ್ಲಿ ಊಟದ ಬುತ್ತಿ ಹಿಡಿದು ಹೆಂಡತಿ ಬೇರೆ ಬಂದಳು. ಅಂಕ ಬರೆಯುವ ಕಪ್ಪು ಹಲಗೆಯ ಮೇಲೆ ಗಂಡನ ಹೆಸರು ಎಲ್ಲಿದೆ ಎಂದು ಕೆಳಗಿನಿಂದ ಹುಡುಕಲು ಶುರುಮಾಡಿದಳು. ಹುಡುಕುವ ಕಷ್ಟ ಅವಳಿಗಾಗಲಿಲ್ಲ.

ವಿರಾಮದಲ್ಲಿ ಎಲ್ಲರೂ ಮೀಟರಪ್ಪನ ಸುತ್ತ ನೆರೆದರು. ಸೋತವನಿಗೆ ಉಪದೇಶ ಮಾಡುವುದಕ್ಕಿಂತ ದೊಡ್ಡ ಸುಖ ವಿರಾಮದ ಹೊತ್ತಿಗೆ ಬೇರೆ ಏನಿದೆ?

"ಕಣ್ಣಿನ ದೋಷ," ಎಂದರು ಕನ್ನಡಕದವರು. ಮೊದಲ ಸುತ್ತಿನಲ್ಲಿ ಅವರದು ಮೂವತ್ತು, ಕೆಳಗಿನಿಂದ ಎರಡನೆಯ ಸ್ಥಾನ. ಮೀಟರಪ್ಪನ ಮೇಲೆ ಅವರಿಗೆ ಅಷ್ಟು ಪ್ರೀತಿ ಇದ್ದದ್ದು ಅದಕ್ಕೇ. "ಎಡಗಣ್ಣು ಬಲಗಣ್ಣಿನ ಕೆಲಸದಲ್ಲಿ ಮೂಗು ತೂರಿಸ್ತಾ ಇದೆ. ಮುಚ್ಚಿಬಿಡೋಣ." ಜೇಬಿನಿಂದ ಕರವಸ್ತ್ರ ತೆಗೆದು ಅವನ ಎಡಗಣ್ಣಿಗೆ ಬಿಗಿದು ಕಟ್ಟಿಯೇಬಿಟ್ಟರು.

"ಕಣ್ಣಲ್ಲ, ಉಸಿರು!" ಎಂದರು ಡ್ರಿಲ್ ಮಾಸ್ತರು. "ಎಳ್ಕೊಳ್ಳಿ. ಇನ್ನೂ. ಇನ್ನೂ. ಹಿಡೀರಿ. ನಾನು ಹೇಳೋವರೆಗೂ ಬಿಡಬೇಡಿ." ಅಷ್ಟು ಹೇಳಿ, ಯಾರೋ ಕರೆದರೆಂದು ಚಹಾ ಕುಡಿಯಲು ಹೋಗಿಬಿಟ್ಟರು.

"ಉಸಿರೂ ಅಲ್ಲ, ಭಕ್ತಿ," ಎಂದರು ಮಾವ. "ಆ ದುರ್ಬೀನನ್ನ ನೀವು ಅನುಮಾನದಿಂದ ನೋಡ್ತಾ ಇದೀರಿ. ಅದಕ್ಕೆ ಗೊತ್ತಾಗುತ್ತೆ."

ಒಂದು ಕಣ್ಣು ಮುಚ್ಚಿ, ಉಸಿರು ಕಟ್ಟಿ, ಮುಖ ಬದನೆಕಾಯಿ ಬಣ್ಣಕ್ಕೆ ತಿರುಗುತ್ತಿರಲು ಮೀಟರಪ್ಪ ಡ್ರಿಲ್ ಮಾಸ್ತರರನ್ನು ಹುಡುಕಿಕೊಂಡು ಹೊರಟ. ಎಡಗಡೆಗೆ ಒಂದು ಕಂಬ ಇತ್ತು. ಕಾಣಲಿಲ್ಲ. ಢಬ್ಬೆಂದು ಹಣೆ ಬಡಿಯಿತು, ಉಸಿರು ತಾನಾಗಿಯೇ ಹೊರಗೆ ಬಂತು. ಹೆಂಡತಿ ಓಡಿಬಂದು ಹಣೆ ತಿಕ್ಕಿದಳು, ಕರವಸ್ತ್ರ ಬಿಚ್ಚಿ ಮಡಿಚಿ ಕನ್ನಡಕದವರಿಗೆ ಕೊಟ್ಟಳು. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳ ಮುಖದಲ್ಲಿ ಸೈಕಲ್ಲು ಮತ್ತೆ ಗೋಣಿಚೀಲ ಹೊದ್ದುಕೊಳ್ಳುತ್ತಿರುವುದು ಅವನಿಗೆ ಸ್ಪಷ್ಟವಾಗಿ ಕಂಡಿತು.

ಆಗ ಗಡಿಯಾರದಮ್ಮ ಅವನ ಮಣಿಕಟ್ಟು ನೋಡುತ್ತ, "ಇಲ್ಲಿ ಬನ್ನಿ" ಎಂದು ಮೆಲ್ಲಗೆ ಕರೆದರು.

ಅವನ ಬಂದೂಕನ್ನು ಮರಳು ಚೀಲಗಳ ನಡುವೆ ಒತ್ತಿ ಕೂರಿಸಿ, "ಮುಟ್ಟಬೇಡಿ. ಸುಮ್ನೆ ಇಣುಕಿ ನೋಡಿ, ತಲೆ ಮಾತ್ರ ಎಡಕ್ಕೂ ಬಲಕ್ಕೂ ಆಡಿಸಿ," ಎಂದರು.

ಮೀಟರಪ್ಪ ಆಡಿಸಿದ. ಬಂದೂಕು ಬಂಡೆಯ ಹಾಗೆ ಕೂತಿತ್ತು. ಪ್ಲಸ್ ಗುರುತು ಮಾತ್ರ ಕಪ್ಪು ಬೊಟ್ಟಿನ ಮೇಲೆ ಈ ತುದಿಯಿಂದ ಆ ತುದಿಗೆ ವಾಯುವಿಹಾರ ಹೋಗಿಬಂತು.

"ದೆವ್ವ ಹಿಡಿದಿದೆ!"

"ದೆವ್ವ ಅಲ್ಲ. ನೀವು ದಿನಾ ಮೀಟರ್ ಓದ್ತೀರಲ್ಲ, ಮುಳ್ಳನ್ನ ಹೇಗೆ ನೋಡ್ತೀರಿ?"

"ನೇರ ಎದುರಿಗೆ ಬಗ್ಗಿ."

"ಪಕ್ಕದಿಂದ ನೋಡಿದ್ರೆ?"

"ತಪ್ಪು ಅಂಕಿ ಕಾಣುತ್ತೆ. ಮುಳ್ಳು ಮುಂದಿರುತ್ತೆ, ಅಂಕಿ ಹಿಂದಿರುತ್ತೆ, ನಡುವೆ ಒಂದಿಷ್ಟು ಸಂದಿ..." ಮೀಟರಪ್ಪನ ಬಾಯಿ ತೆರೆದೇ ಉಳಿಯಿತು. ಹದಿನೆಂಟು ವರ್ಷ ಊರಿನವರಿಗೆಲ್ಲ ಹೇಳಿದ ಪಾಠ ಅದು. ಮೀಟರಿಗೆ ಪಕ್ಕದಿಂದ ಇಣುಕಿ ಜಗಳಕ್ಕೆ ಬಂದವರಿಗೆಲ್ಲ "ಎದುರಿಗೆ ನಿಂತು ನೋಡಿ" ಎಂದು ಬುದ್ಧಿ ಹೇಳಿದವನು ಅವನೇ.

"ಅದೇ ಇದು. ಪ್ಯಾರಲಾಕ್ಸ್ ಅಂತಾರೆ. ಈ ದುರ್ಬೀನು ದೊಡ್ಡ ಬಂದೂಕಿಗೆ ಮಾಡಿದ್ದು. ನೂರೈವತ್ತು ಮೀಟರ್ ದೂರದಲ್ಲಿ ಇರೋದನ್ನ ನೋಡಿದಾಗ ಗುರುತೂ ಗುರಿಯೂ ಒಂದೇ ಗೋಡೆಗೆ ಅಂಟಿದ ಹಾಗೆ ಇರುತ್ತೆ, ತಲೆ ಎಲ್ಲಿದ್ರೂ ನಡೆಯುತ್ತೆ. ಐವತ್ತು ಮೀಟರಿಗೆ ತಂದ್ರೆ ಒಂದು ಮುಂದೆ, ಒಂದು ಹಿಂದೆ. ನೀವು ಒಂದೊಂದು ಗುಂಡು ಹೊಡೆದ ಮೇಲೂ ತಲೆ ಎತ್ತಿ ನೋಡ್ತೀರಿ, ಮತ್ತೆ ಎಲ್ಲೋ ಒಂದು ಕಡೆ ಕೆನ್ನೆ ಇಡ್ತೀರಿ."

"ಈಗೇನು ಮಾಡಲಿ? ಹಳೇ ಸ್ಕೋಪು ಮನೇಲಿದೆ."

"ತಲೆ ಪ್ರತಿ ಸಲವೂ ಅದೇ ಜಾಗಕ್ಕೆ ಬರೋ ಹಾಗೆ ಮಾಡಿ. ಕೆನ್ನೆ ಇಡೋ ಮರದ ಮೇಲೆ ಏನಾದ್ರೂ ಒಂದು ಗುರುತು ಇರಲಿ. ಕೆನ್ನೆಗೆ ತಾಗಬೇಕು, ಅಷ್ಟೇ."

ಮೀಟರಪ್ಪ ಸುತ್ತ ನೋಡಿದ. ಏನೂ ಸಿಗಲಿಲ್ಲ. ಗಂಟೆ ಬಾರಿಸಲು ಐದು ನಿಮಿಷ ಇತ್ತು. ಅಂಗಿಯ ನಡುವಿನ ಗುಂಡಿಗೆ ಕೈ ಹೋಯಿತು. ಪಟ್ಟೆಂದು ಕಿತ್ತ. ಅಂಟಿನ ಡಬ್ಬ ಅವನಿಗೆ ಕಣ್ಣು ಮುಚ್ಚಿದರೂ ಸಿಗುವ ಜಾಗದಲ್ಲೇ ಇತ್ತು. ತಲೆಯನ್ನು ಆಚೆ ಈಚೆ ಆಡಿಸಿ, ದುರ್ಬೀನಿನ ನಟ್ಟನಡುವಿನಿಂದ ನೋಡುವಾಗ ಕೆನ್ನೆಯ ಮೂಳೆ ಎಲ್ಲಿ ಕೂರುತ್ತದೋ ಅಲ್ಲಿಗೆ ಒಂದು ತೊಟ್ಟು ಅಂಟು ಇಟ್ಟು ಗುಂಡಿ ಒತ್ತಿದ. ನಾಲ್ಕು ವರ್ಷದ ಅನುಭವ ಆ ಒಂದು ತೊಟ್ಟಿನಲ್ಲಿತ್ತು.

ಎರಡನೆಯ ಸುತ್ತು. ಕೆನ್ನೆಗೆ ಗುಂಡಿ ತಾಗಿತು. ಗುರುತು ಬೊಟ್ಟಿನ ಮೇಲೆ ಸಾಧುವಾಗಿ ಕೂತಿತು.

"ಹತ್ತು!" ಗಡಿಯಾರದಮ್ಮನ ದನಿ.

ಮೀಟರಪ್ಪ ತಲೆ ಎತ್ತಲಿಲ್ಲ. "ಒಂಬತ್ತು!" ಕನ್ನಡಕದವರು ತಮ್ಮ ಕನ್ನಡಕ ಒರೆಸಿಕೊಂಡರು. "ಹತ್ತು!" ಡ್ರಿಲ್ ಮಾಸ್ತರರು ತಮ್ಮ ಹಾಳೆ ಬಿಟ್ಟು ಅವನ ಹಾಳೆ ನೋಡತೊಡಗಿದರು. ಮತ್ತೊಂದು ಒಂಬತ್ತು, ಮತ್ತೊಂದು ಹತ್ತು. ಐವತ್ತಕ್ಕೆ ನಲವತ್ತೆಂಟು! ಸಂಘದಲ್ಲಿ ಆ ದಿನ ಒಂದು ಸುತ್ತಿಗೆ ಅಷ್ಟು ತೆಗೆದವರು ಬೇರೆ ಯಾರೂ ಇರಲಿಲ್ಲ. ಹೆಂಡತಿ ಬುತ್ತಿಯ ಮುಚ್ಚಳ ಕೈಯಲ್ಲಿ ಹಿಡಿದು ಕುಣಿದೇಬಿಟ್ಟಳು. ಮೀಟರಪ್ಪನಿಗೆ ಕಣ್ಣಲ್ಲಿ ನೀರು ಬಂತು. ಈಗ ಬಂದರೂ ಪರವಾಗಿಲ್ಲ, ಗುಂಡು ಮುಗಿದಿತ್ತು.

ಆದರೆ ಕೂಡುವ ಲೆಕ್ಕಕ್ಕೆ ಕರುಣೆ ಇರುವುದಿಲ್ಲ. ಹನ್ನೊಂದಕ್ಕೆ ನಲವತ್ತೆಂಟು ಸೇರಿದರೆ ಐವತ್ತೊಂಬತ್ತು. ಕನ್ನಡಕದವರದು ಅರವತ್ತಮೂರು. ಉಳಿದವರೆಲ್ಲ ಅದಕ್ಕೂ ಮೇಲೆ. ಕಪ್ಪು ಹಲಗೆಯಲ್ಲಿ ಮೀಟರಪ್ಪನ ಹೆಸರು ಮತ್ತೆ ಎಲ್ಲರ ಕೆಳಗೆ ಬಂದು ಕೂತಿತು. ಅದರ ಕೆಳಗೆ ಇನ್ನೂ ಅಂಕ ಬರೆಯದ ಹೆಸರು ಒಂದೇ ಒಂದು: ಮಾವನವರದು.

ಮಾವನವರು ಅಂಗಿಯ ತೋಳು ಮಡಿಚಿ ಅಳಿಯನ ಮೇಜಿಗೆ ಬಂದರು. "ನೋಡಿದ್ರಾ ನನ್ನ ದುರ್ಬೀನು? ಅದು ನಿಮ್ಮ ಕೈಗೆ ಹೊಂದ್ಕೊಳ್ಳೋಕೆ ಒಂದು ಸುತ್ತು ಬೇಕಾಯ್ತು, ಅಷ್ಟೇ," ಎನ್ನುತ್ತ ಕೂತು ಕೆನ್ನೆ ಇಟ್ಟರು. ತಕ್ಷಣ ತೆಗೆದರು. "ಏನೋ ಚುಚ್ಚುತ್ತಲ್ಲ? ಯಾರದೋ ಗುಂಡಿ ಬಿದ್ದು ಅಂಟ್ಕೊಂಡಿದೆ." ಉಗುರಿನಿಂದ ಒಂದು ಸಲ ಮೀಟಿದರು. ಇನ್ನೂ ಪೂರ್ತಿ ಒಣಗದ ಅಂಟು. ಗುಂಡಿ ಕೈಗೆ ಬಂತು. ಕಸ ಎಸೆಯುವ ಅಭ್ಯಾಸ ಮಾವನವರಿಗಿರಲಿಲ್ಲ, ಜೇಬಿಗೆ ಹಾಕಿಕೊಂಡರು.

"ಮಾವ, ಅದು..."

"ಶ್! ಗುರಿ ಹಿಡಿಯೋವಾಗ ಮಾತಾಡಿಸಬಾರದು ಅನ್ನೋ ನಿಯಮ ಬರೆದವನೇ ನಾನು." ಹಾಗೆಂದವರು ಗುರಿ ಹಿಡಿಯಲೂ ಇಲ್ಲ. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸುತ್ತ ಕೂತರು. ಎಡ ಗಾಜು ಒರೆಸಿದರು. ಬಲ ಗಾಜು ಒರೆಸಿದರು. ಮತ್ತೆ ಎಡ ಗಾಜಿಗೆ ಬಂದರು.

ಹೇಳುವುದಕ್ಕೆ ಬೇಕಾದಷ್ಟು ಹೊತ್ತಿತ್ತು. ಮೀಟರಪ್ಪ ಬಾಯಿ ತೆರೆದ. ಅಷ್ಟರಲ್ಲಿ ಕಪ್ಪು ಹಲಗೆ ಕಣ್ಣಿಗೆ ಬಿತ್ತು. ಅದರ ಪಕ್ಕದಲ್ಲಿ ನಿಂತಿದ್ದ ಹೆಂಡತಿ ಕಣ್ಣಿಗೆ ಬಿದ್ದಳು. ಹಸಿರು ಸೈಕಲ್ಲು, ಖಾಲಿ ರಸ್ತೆ, ಸೀಟು ಹಿಡಿದು ಹಿಂದೆ ಓಡುತ್ತಿರುವ ತಾನು, ಎಲ್ಲ ಒಟ್ಟಿಗೆ ಕಂಡವು. ಮೀಟರಪ್ಪ ಕೆಟ್ಟವನಲ್ಲ. ಇಪ್ಪತ್ತು ವರ್ಷದಲ್ಲಿ ಮಾವನಿಗೆ ಎದುರು ಒಂದು ಮಾತಾಡಿದವನಲ್ಲ. ಆ ಹೊತ್ತಿನಲ್ಲೂ ಎದುರು ಮಾತಾಡಲಿಲ್ಲ, ಸುಮ್ಮನೆ ಬಾಯಿ ಮುಚ್ಚಿಕೊಂಡ.

ಮಾವನವರು ಹೊಡೆದರು. ಹೊಡೆಯುವ ಮುಂಚೆ ತಲೆ ಆಡಿಸಿದರು, ಹೊಡೆದ ಮೇಲೆ ತಲೆ ಆಡಿಸಿದರು, ಅಂಕ ಕೇಳಿ "ಅಲ್ಲ ಅಲ್ಲ" ಎಂದು ತಲೆ ಆಡಿಸಿದರು. ಪ್ಲಸ್ ಗುರುತು ಆ ಹಾಳೆಯ ಮೇಲೆ ಎಷ್ಟು ಊರು ಸುತ್ತಿತೋ ಅದನ್ನು ಸೃಷ್ಟಿಸಿದವನಿಗೇ ಗೊತ್ತು. "ಮೂರು!" "ಇಲ್ಲ!" "ಐದು!" "ಒಂದು!" ಗಡಿಯಾರದಮ್ಮನ ದನಿ ಹೋಗುತ್ತ ಹೋಗುತ್ತ ಇಳಿಯಿತು. ಹತ್ತೂ ಮುಗಿದಾಗ ನೂರಕ್ಕೆ ಮೂವತ್ತೊಂದು.

"ಗಾಳಿ," ಎಂದರು ಮಾವ. ದಿಬ್ಬದ ಮೇಲಿನ ಬಾವುಟ ಒಣಗಲು ಹಾಕಿದ ಬಟ್ಟೆಯ ಹಾಗೆ ನೇತಾಡುತ್ತಿತ್ತು.

ಅಂಟಿನ ಡಬ್ಬ ಹಿಡಿದು ನಿಂತ ಡ್ರಿಲ್ ಮಾಸ್ತರರ ಮುಖ ನೋಡಲಾಗುತ್ತಿರಲಿಲ್ಲ. ಸಂಘ ಕಟ್ಟಿದವರಿಗೆ ಡಬ್ಬ ಕೊಡುವುದು ಹೇಗೆ? ಆದರೆ ಮಾವನವರು ಎದೆಯುಬ್ಬಿಸಿ ಮುಂದೆ ಬಂದರು.

"ಕೊನೆಯವರಿಗೆ ಡಬ್ಬ ಅನ್ನೋ ನಿಯಮಾನೂ ನಾನೇ ಮಾಡಿದ್ದು. ಕೊಡಿ ಇಲ್ಲಿ. ಮೊದಲನೇ ಹಾಳೆ ಈಗಲೇ ಅಂಟಿಸ್ತೀನಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಮಾವನವರು ರಟ್ಟಿನ ಮುಂದೆ ಮಂಡಿಯೂರಿದರು. ಹಾಳೆ ಅಂಟಿಸಿದರು. ಚಪ್ಪಾಳೆ ನಿಂತ ಮೇಲೂ ಅವರು ಏಳಲಿಲ್ಲ. ಹಾಳೆಯನ್ನು ಇನ್ನೊಂದು ಸಲ ಸವರಿದರು. ಮತ್ತೊಂದು ಸಲ ಸವರಿದರು. ಆಮೇಲೆ ತಲೆ ಎತ್ತದೆ ಮೆಲ್ಲಗೆ, "ಯಾರಾದ್ರೂ ಎಬ್ಬಿಸ್ತೀರಾ?" ಎಂದರು.

ಡ್ರಿಲ್ ಮಾಸ್ತರು ಒಂದು ತೋಳು, ಕನ್ನಡಕದವರು ಒಂದು ತೋಳು ಹಿಡಿದು ಎತ್ತಿದರು. ನೋವಿಗೆ ಮುದುಕರ ಮುಖ ಕಿವುಚಿಹೋಗಿತ್ತು. ಮಗಳು ಓಡಿಬಂದು ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, ಬೆವರು ಒರೆಸಲು ಅವರ ಜೇಬಿನ ಕರವಸ್ತ್ರ ಎಳೆದಳು. ಕರವಸ್ತ್ರದ ಜೊತೆ ಒಂದು ಬಿಳಿ ಗುಂಡಿ ಉರುಳಿಬಿತ್ತು. ಅದರ ತೂತಿನಲ್ಲಿ ಇನ್ನೂ ಒಂದು ಎಳೆ ಕೆಂಪು ದಾರ.

"ಇದೆಲ್ಲಿತ್ತು ಅಪ್ಪ?"

"ಬಂದೂಕಿನ ಮೇಲೆ ಅಂಟ್ಕೊಂಡಿತ್ತಮ್ಮ. ಕಿತ್ತು ಹಾಕ್ದೆ."

ಅವಳು ಗಂಡನ ಅಂಗಿ ನೋಡಿದಳು. ನಡುವೆ ತೆರೆದುಕೊಂಡ ಜಾಗದಲ್ಲಿ ಬನಿಯನ್ ಇಣುಕುತ್ತಿತ್ತು. ವಿರಾಮದಲ್ಲಿ ಅವನನ್ನು ಬಂದೂಕಿನ ಹತ್ತಿರ ಕರೆದಿದ್ದ ಗಡಿಯಾರದಮ್ಮನ ಕಡೆ ನೋಡಿದಳು. ಗಡಿಯಾರದಮ್ಮ ತಮ್ಮ ಮಣಿಕಟ್ಟು ನೋಡಿಕೊಂಡರು. ಗಂಡನನ್ನು ಕಂಬದ ಮರೆಗೆ ಕರೆದಳು.

"ಈ ಗುಂಡಿಯಿಂದಾನೇ ಅಲ್ವಾ ನಿಮಗೆ ನಲವತ್ತೆಂಟು ಬಂದಿದ್ದು?"

"ಹೂಂ."

"ಅಪ್ಪ ಕೀಳೋವಾಗ ಪಕ್ಕದಲ್ಲೇ ಇದ್ರಿ?"

"ಹೂಂ."

"ಬಾಯಿಗೇನಾಗಿತ್ತು?"

"ನಿನ್ನ ಸೈಕಲ್ಲು..." ಎಂದ ಮೀಟರಪ್ಪ.

ಹೆಂಡತಿಯ ಮುಖ ಒಂದು ಗಳಿಗೆ ಮೆತ್ತಗಾಯಿತು. ನಗು ಬಂತೋ ಅಳು ಬಂತೋ, ಎರಡನ್ನೂ ನುಂಗಿಕೊಂಡಳು. ಆಮೇಲೆ ಕುರ್ಚಿಯಲ್ಲಿ ಮಂಡಿ ಒತ್ತಿಕೊಳ್ಳುತ್ತ ಕೂತ ಅಪ್ಪನನ್ನು ನೋಡಿದಳು.

"ಆ ಮಂಡಿ ಇಟ್ಕೊಂಡು ಅಪ್ಪ ಒಂದು ವರ್ಷ ಹಾಳೆ ಅಂಟಿಸ್ತಾರಾ? ಹೋಗಿ, ಮಾಸ್ತರರಿಗೆ ಹೇಳಿ. ಅವರ ಬದಲು ನೀವು ಬರ್ತೀರಿ ಅಂತ."

ಡ್ರಿಲ್ ಮಾಸ್ತರು ಸಂತೋಷದಿಂದ ಪುಸ್ತಕದಲ್ಲಿ ಬರೆದುಕೊಂಡರು. ಮಾವನವರಿಗೂ ಸಂತೋಷವೇ. ಒಂದು ಷರತ್ತು ಮಾತ್ರ ಹಾಕಿದರು: ಡಬ್ಬ ತಮಗೆ ಬಂದದ್ದರಿಂದ ಕೆಲಸ ತಮ್ಮ ಕಣ್ಣೆದುರಿಗೇ ನಡೆಯಬೇಕು, ಪ್ರತಿ ಭಾನುವಾರ ತಾವೂ ಬಂದು ಕೂತು ನೋಡಿಕೊಳ್ಳಬೇಕು.

ಮೈದಾನ ಮನೆಯಿಂದ ಮೂರು ಕಿಲೋಮೀಟರ್. ಆ ಹೊತ್ತಿಗೆ ಬಸ್ಸಿಲ್ಲ. ಕನ್ನಡಕದವರು ಒಂಬತ್ತರ ಮುಂಚೆ ಹಾಸಿಗೆ ಬಿಡುವವರಲ್ಲ. ಮಾವನವರ ಮಂಡಿಗೆ ಅಷ್ಟು ದೂರ ನಡೆಯುವ ತಾಕತ್ತಿಲ್ಲ.

ಹಾಗಾಗಿ ಮುಂದಿನ ಭಾನುವಾರ ಬೆಳಿಗ್ಗೆ ಆರೂವರೆಗೆ ಹಸಿರು ಸೈಕಲ್ಲು ಕೊನೆಗೂ ಗೋಣಿಚೀಲ ಕಳಚಿ ಬೀದಿಗಿಳಿಯಿತು. ಹೆಂಡತಿಯೇ ಜೇಡ ಬಿಡಿಸಿ, ಸೀಟು ಒರೆಸಿ, ಬೆಲ್ಲು ಹೊಡೆದು ನೋಡಿ ಕೊಟ್ಟಳು. ಕ್ಯಾರಿಯರ್ ಮೇಲೆ ತಲೆದಿಂಬು ಹಾಕಿ ಅಪ್ಪನನ್ನು ಕೂರಿಸಿ, ಅವರ ತೊಡೆಯ ಮೇಲೆ ಅಂಟಿನ ಡಬ್ಬ ಇಟ್ಟಳು. ಗೇಟಿನಲ್ಲಿ ನಿಂತು, ತನ್ನ ಸೈಕಲ್ಲಿನ ಮೇಲೆ ಗಂಡ ಕೂರುವುದನ್ನು ಆಸೆಗಣ್ಣಿನಿಂದ ನೋಡಿ, "ನಿಧಾನ ರೀ, ಅಪ್ಪ ಬಿದ್ದು ಮೂಗು ಒಡ್ಕೊಂಡಾರು," ಎಂದಳು.

ಮೀಟರಪ್ಪ ಪೆಡಲು ತುಳಿದ. ಹತ್ತು ಮಾರು ಹೋಗುವಷ್ಟರಲ್ಲಿ ಸೈಕಲ್ಲು ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಡಬ್ಬದಿಂದ ಒಂದು ತೊಟ್ಟು ಅಂಟು ಚಿಮ್ಮಿ ಅವನ ಬೆನ್ನಿಗೆ ಬಿತ್ತು.

"ಮಾವ, ತಲೆ ಅಲ್ಲಾಡಿಸಬೇಡಿ! ಸೈಕಲ್ಲು ಓಲಾಡ್ತಾ ಇದೆ."

"ನಾನೆಲ್ಲಿ ಅಲ್ಲಾಡಿಸ್ತಾ ಇದೀನಿ ಅಳಿಯಂದ್ರೇ?" ಎಂದರು ಮಾವ ಹಿಂದಿನಿಂದ. "ರಸ್ತೇನೇ ಅಲ್ಲಾಡ್ತಾ ಇದೆ."